ವಿಜ್ಞಾನ ಓದಿದವರ ಕೊರಳಲ್ಲಿ ಹಾಡು

ಹತ್ತನೆಯ ತರಗತಿಯ ಫಲಿತಾಂಶ ಬಂದ ಮೇಲಿನ ಕೆಲವು ವಾರ ಬೀದರಿನ ಬಸ್ ನಿಲ್ದಾಣ ನೋಡುವಂತಿರುತ್ತದೆ. ಔರಾದಿನ ಬಸ್ಸಿನಿಂದ, ಭಾಲ್ಕಿಯ ಬಸ್ಸಿನಿಂದ ಇಳಿಯುವ ತಂದೆಯ ಕಂಕುಳಲ್ಲಿ ಅಂಕಪಟ್ಟಿಯ ಫೈಲು, ಬೆನ್ನ ಹಿಂದೆ ಮಗ ಇಲ್ಲವೇ ಮಗಳು. ಅವರು ಹೊರಟಿರುವುದು ವಿಜ್ಞಾನ ಪಿಯುಸಿಗೆ ಸೀಟು ಹುಡುಕಲು. ನೀಟ್ ತರಬೇತಿಗೆ ಬೀದರ್ ಹೆಸರಾದ ಮೇಲೆ ಹೊರ ಜಿಲ್ಲೆಗಳಿಂದ, ಹೊರ ರಾಜ್ಯಗಳಿಂದಲೂ ಮಕ್ಕಳು ಇಲ್ಲಿಗೆ ಬರುತ್ತಾರೆ. ಹಿಂದುಳಿದ ಜಿಲ್ಲೆ ಎಂದು ಅನ್ನಿಸಿಕೊಂಡಿದ್ದ ಗಡಿನಾಡಿಗೆ ಇದು ಹೆಮ್ಮೆಯ ವಿಷಯವೇ.

ಆದರೆ ಆ ಮಕ್ಕಳ ನಡುವೆ ಪ್ರತಿ ವರ್ಷವೂ ಒಬ್ಬನಾದರೂ ಬೇರೆ ಥರದವನಿರುತ್ತಾನೆ. ಶಾಲೆಯ ಗ್ಯಾದರಿಂಗಿನಲ್ಲಿ ಹಾಡಿ ಚಪ್ಪಾಳೆ ಗಿಟ್ಟಿಸಿದವನು. ಊರ ಗುಡಿಯ ಭಜನೆಯಲ್ಲಿ ಹಿರಿಯರ ಪಕ್ಕ ಕೂತು ತಾಳ ಹಾಕಿದವನು. ಈಗ ಮೊಬೈಲಿನಲ್ಲಿ ನೋಡಿ ನೋಡಿ ಗಿಟಾರ್ ಬೇಕೆಂದು ಹಟ ಹಿಡಿದವನು. ಅವನ ತಂದೆ ಮೇಷ್ಟರ ಮುಂದೆ ಕೈಮುಗಿದು ಕೇಳುವುದು ಒಂದೇ ಮಾತು: “ಸರ, ಹಾಡ್ ಹಾಡಿ ಹೊಟ್ಟಿ ತುಂಬ್ತದೇನ್ರಿ? ನೀವರ ಸ್ವಲ್ಪ ಬುದ್ಧಿ ಹೇಳ್ರಿ.” ಮಗ ನೆಲ ನೋಡುತ್ತ ನಿಂತಿರುತ್ತಾನೆ.

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಎರಡೆಕರೆ ತೊಗರಿಯ ಹೊಲ ನೆಚ್ಚಿ ಬದುಕುವ ಮನೆಗೆ ಹೊಟ್ಟೆಯ ಪ್ರಶ್ನೆ ದೊಡ್ಡದು. ಹಾಗೆಂದು ಮಗನ ಕೊರಳನ್ನು ಹಿಚುಕುವುದೂ ಉತ್ತರವಲ್ಲ. ಇಂಥ ಮನೆಗಳಲ್ಲಿ ಉಪದೇಶಕ್ಕಿಂತ ಉಪಯೋಗಕ್ಕೆ ಬರುವುದು ಬದುಕಿ ತೋರಿಸಿದವರ ಕಥೆ. ಕನ್ನಡದಲ್ಲಿ ರಾಕ್ ಸಂಗೀತ ಹಾಡಿ ಹೊರದೇಶದ ವೇದಿಕೆಗಳನ್ನು ಹತ್ತಿದ ರಘು ದೀಕ್ಷಿತ್ ಅವರ ಕಥೆ ಅಂಥದು. ಅವರಿಗಿಂತ ಮೂವತ್ತೈದು ವರ್ಷ ಹಿರಿಯರಾದ ಸಿ. ಅಶ್ವತ್ಥ್ ಅವರ ಕಥೆ ಅದರ ಇನ್ನೊಂದು ಮಗ್ಗುಲು. ಇಬ್ಬರೂ ಓದಿದ್ದು ವಿಜ್ಞಾನ. ಇಬ್ಬರೂ ಹಾಡಿದ್ದು ಶಿಶುನಾಳ ಶರೀಫರನ್ನು. ಆದರೆ ಹೊಟ್ಟೆಯ ಪ್ರಶ್ನೆಗೆ ಇಬ್ಬರೂ ಕೊಟ್ಟ ಉತ್ತರ ಬೇರೆ ಬೇರೆ.

ಪಣ ತೊಟ್ಟ ಹುಡುಗ

ರಘು ದೀಕ್ಷಿತ್ ಹುಟ್ಟಿದ್ದು 1974ರ ನವೆಂಬರ್ 11ರಂದು, ಮಹಾರಾಷ್ಟ್ರದ ನಾಸಿಕ್‌ನಲ್ಲಿ. ಬೆಳೆದದ್ದು ಮೈಸೂರಿನಲ್ಲಿ. ಸಂಪ್ರದಾಯಸ್ಥ ಮನೆತನ. ಹುಡುಗ ಕಲಿತದ್ದು ಭರತನಾಟ್ಯ, ಅದರಲ್ಲಿ ವಿದ್ವತ್ ಪರೀಕ್ಷೆಯವರೆಗೂ ಹೋದ. ಓದಿನಲ್ಲೂ ಹಿಂದೆ ಬೀಳಲಿಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸೂಕ್ಷ್ಮಜೀವಿಶಾಸ್ತ್ರದ ಎಂಎಸ್ಸಿ, ಅದೂ ಚಿನ್ನದ ಪದಕದೊಂದಿಗೆ.

ಗಿಟಾರ್ ಕೈಗೆ ಬಂದದ್ದು ಒಂದು ಪಣದಿಂದ. ಕಾಲೇಜಿನಲ್ಲಿ ಗಿಟಾರ್ ನುಡಿಸುತ್ತಿದ್ದ ಸಹಪಾಠಿಯೊಬ್ಬ ನಾಟ್ಯ ಕಲಿಯುವ ಹುಡುಗನನ್ನು ಹಂಗಿಸಿದ. ಗಂಡು ಹುಡುಗ ಗೆಜ್ಜೆ ಕಟ್ಟುವುದೇ ಎಂಬ ಹಂಗು ಈಗಲೂ ಎಷ್ಟೋ ಕಡೆ ಇದೆ. ರಘು ಜಗಳಕ್ಕೆ ಹೋಗಲಿಲ್ಲ. ಗಿಟಾರ್ ಕಲಿತು ತೋರಿಸುತ್ತೇನೆ ಎಂದು ಪಣ ತೊಟ್ಟ, ಕಲಿತ. ಗೆಜ್ಜೆಯನ್ನೂ ಬಿಡಲಿಲ್ಲ. ಮುಂದೆ ದೊಡ್ಡ ವೇದಿಕೆಗಳಲ್ಲಿ ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ಗಿಟಾರ್ ಹಿಡಿದು ಕುಣಿಯುವುದೇ ಅವರ ಗುರುತಾಯಿತು. ಹಂಗಿಸಿಕೊಂಡದ್ದೇ ಹೆಗ್ಗುರುತಾಗುವುದು ಹೀಗೆ.

ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನಾಟ್ಯದ ವಿದ್ವತ್ತು, ಎಂಎಸ್ಸಿಯ ಪದಕ, ಗಿಟಾರಿನ ಪಣ ಮೂರೂ ಬೇರೆ ಬೇರೆ ಎಂದು ತೋರುತ್ತವೆ. ಆದರೆ ಮೂರರ ಹಿಂದೆಯೂ ಇರುವುದು ಒಂದೇ ಗುಣ: ಬೇಸರವಾದರೂ ನಾಳೆ ಮತ್ತೆ ಅದನ್ನೇ ಮಾಡುವ ಗುಣ. ‘ಹಾಡ್ತಾ ಹಾಡ್ತಾ ರಾಗ’ ಎಂದು ಹಿರಿಯರು ಹೇಳಿದ್ದು ಇದನ್ನೇ.

ತಂತಿಯೊಳಗಿನ ಲೆಕ್ಕ

ಗಿಟಾರ್ ಎಂದರೆ ಓದು ಬಿಟ್ಟವರ ಆಟಿಕೆ ಎಂದು ತಿಳಿದವರು ಅದರ ಕುತ್ತಿಗೆಯನ್ನೊಮ್ಮೆ ನೋಡಬೇಕು. ಅಡ್ಡಡ್ಡ ಲೋಹದ ಪಟ್ಟಿಗಳಿರುತ್ತವೆ. ಅವುಗಳ ಅಂತರ ಒಂದೇ ಸಮ ಇರುವುದಿಲ್ಲ. ದಿಂಡಿನ ಕಡೆ ಹೋದಂತೆ ಕಿರಿದಾಗುತ್ತ ಬರುತ್ತದೆ. ಕಾರಣ ಒಂಬತ್ತನೆಯ ತರಗತಿಯಲ್ಲಿ ಶಬ್ದದ ಪಾಠ ಓದಿದವರಿಗೆ ತಿಳಿದೀತು. ಕಂಪಿಸುವ ತಂತಿಯ ಉದ್ದ ಅರ್ಧವಾದರೆ ಅದರ ಆವೃತ್ತಿ ಎರಡು ಪಟ್ಟಾಗುತ್ತದೆ. ಸೆಕೆಂಡಿಗೆ 110 ಬಾರಿ ಕಂಪಿಸುವ ತಂತಿಯನ್ನು ನಟ್ಟನಡುವೆ ಒತ್ತಿ ಮೀಟಿದರೆ 220 ಬಾರಿ ಕಂಪಿಸುತ್ತದೆ. ಕಿವಿಗೆ ಅದು ಅದೇ ಸ್ವರದ ಮೇಲಿನ ಸ್ಥಾಯಿ: ಕೆಳಗಿನ ಷಡ್ಜದಿಂದ ಮೇಲಿನ ಷಡ್ಜ.

ಆ ನಟ್ಟನಡುವಿನ ಪಟ್ಟಿ ಹನ್ನೆರಡನೆಯದು. ಒಂದು ಪಟ್ಟಿಯಿಂದ ಮುಂದಿನದಕ್ಕೆ ಹೋದಾಗ ಆವೃತ್ತಿ ಸುಮಾರು 1.059 ಪಟ್ಟಾಗುತ್ತದೆ. ಈ ಸಂಖ್ಯೆಯನ್ನು ಅದರಿಂದಲೇ ಹನ್ನೆರಡು ಸಲ ಗುಣಿಸುತ್ತ ಹೋದರೆ ಉತ್ತರ ಹೆಚ್ಚುಕಡಿಮೆ ಎರಡು. ಕ್ಯಾಲ್ಕುಲೇಟರ್ ಇದ್ದವರು ಮಾಡಿ ನೋಡಬಹುದು. ಇನ್ನು ತಂತಿಯ ಬಿಗಿತವನ್ನು ನಾಲ್ಕು ಪಟ್ಟು ಹೆಚ್ಚಿಸಿದರೆ ಮಾತ್ರ ಆವೃತ್ತಿ ಎರಡು ಪಟ್ಟಾಗುತ್ತದೆ. ಅದಕ್ಕೇ ಗಿಟಾರಿನಲ್ಲಿ ಕೆಳ ಸ್ವರಗಳಿಗೆ ದಪ್ಪ ತಂತಿ, ಮೇಲಿನ ಸ್ವರಗಳಿಗೆ ತೆಳು ತಂತಿ. ಎಲ್ಲಕ್ಕೂ ಒಂದೇ ದಪ್ಪದ ತಂತಿ ಹಾಕಿದ್ದರೆ ಕೆಲವು ಸಡಿಲವಾಗಿ ಜೋಲುತ್ತಿದ್ದವು, ಕೆಲವು ಬಿಗಿತ ತಾಳದೆ ಹರಿಯುತ್ತಿದ್ದವು.

ತತ್ವಪದ ಹಾಡುವವರ ಏಕತಾರಿಯಲ್ಲೂ ಇದೇ ಭೌತಶಾಸ್ತ್ರ. ಅಲ್ಲಿ ತಂತಿ ಒಂದೇ, ಸ್ವರವೂ ಒಂದೇ. ಉಳಿದದ್ದನ್ನೆಲ್ಲ ಕೊರಳು ಮಾಡಬೇಕು. ಗಿಟಾರಿನಲ್ಲಿ ಆರು ತಂತಿ. ಅವನ್ನು ಒತ್ತಿ ಒತ್ತಿ ಮೊದಲ ದಿನಗಳಲ್ಲಿ ಬೆರಳ ತುದಿ ಉರಿಯುತ್ತದೆ, ಆಮೇಲೆ ಚರ್ಮ ಗಟ್ಟಿಯಾಗುತ್ತದೆ. ಆ ಉರಿ ಬಂದಾಗಲೇ ಹೆಚ್ಚಿನ ಹುಡುಗರು ಗಿಟಾರನ್ನು ಗೋಡೆಗೆ ತಗುಲಿಹಾಕುವುದು. ಮಗನ ಆಸೆ ಹುಚ್ಚೋ ಹಸಿವೋ ಎಂದು ತಿಳಿಯಬೇಕಾದ ತಂದೆತಾಯಿಗೆ ಇದಕ್ಕಿಂತ ಅಗ್ಗದ ಪರೀಕ್ಷೆ ಸಿಗಲಾರದು.

ಬೆಲ್ಜಿಯಂನಿಂದ ಬೆಂಗಳೂರಿಗೆ

ಎಂಎಸ್ಸಿ ಮುಗಿಸಿದ ರಘು ಔಷಧ ಕಂಪೆನಿಯೊಂದರ ಕೆಲಸಕ್ಕೆ ಯುರೋಪಿನ ಬೆಲ್ಜಿಯಂಗೆ ಹೋದರು. ಚಿನ್ನದ ಪದಕ, ವಿದೇಶದ ನೌಕರಿ: ಯಾವ ತಂದೆತಾಯಿಯಾದರೂ ಊರಿಗೆಲ್ಲ ಪೇಡೆ ಹಂಚುವ ಹಂತ ಅದು. ಕೆಲಸ ಮುಗಿದ ಮೇಲೆ ಕೋಣೆಯಲ್ಲಿ ಕೂತು ತಾವೇ ಕಟ್ಟಿದ ಹಾಡುಗಳನ್ನು ಗಿಟಾರಿನೊಡನೆ ಹಾಡಿಕೊಳ್ಳುತ್ತಿದ್ದರು. ಅದನ್ನು ಕೇಳಿದವರು ಮೆಚ್ಚಿ ಒತ್ತಾಯಿಸಿದರು. ಅಲ್ಲಿಯ ರೇಡಿಯೊದಲ್ಲಿ ಹಾಡುವ ಅವಕಾಶ ಒದಗಿತು. ಭಾಷೆ ತಿಳಿಯದ ಜನ ಹಾಡನ್ನು ಮೆಚ್ಚಿದ್ದು ಅವರ ಮನಸ್ಸನ್ನು ತಿರುಗಿಸಿತು. ಕೆಲಸ ಬಿಟ್ಟು ಬೆಂಗಳೂರಿಗೆ ಮರಳಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಅದು ಸಿನಿಮಾ ಕಥೆಯಾಗುತ್ತಿತ್ತು. ನಿಜವಾದ ಕಥೆ ಶುರುವಾಗುವುದು ಇಲ್ಲಿಂದ. ಬೆಂಗಳೂರಿನಲ್ಲಿ ‘ಅಂತರಾಗ್ನಿ’ ಎಂಬ ತಂಡದೊಡನೆ ಹಾಡಿದರು. ಕಾಲೇಜು ಹುಡುಗರು ಮೆಚ್ಚಿದರು, ಆದರೆ ಧ್ವನಿಮುದ್ರಿಕೆ ತರುವ ಕಂಪೆನಿಗಳು ಒಪ್ಪಲಿಲ್ಲ. ಸಿನಿಮಾ ಹಾಡಲ್ಲ, ಭಾವಗೀತೆಯಲ್ಲ, ಪೂರ್ತಿ ಪಾಶ್ಚಾತ್ಯವೂ ಅಲ್ಲ. ಇದನ್ನು ಅಂಗಡಿಯ ಯಾವ ಕಪಾಟಿನಲ್ಲಿ ಇಡುವುದು? ಹೀಗೆ ವರ್ಷಗಳೇ ಕಳೆದವು. ಕೊನೆಗೆ ತಂಡವೂ ಒಡೆಯಿತು. ಆಮೇಲೆ ಕಟ್ಟಿದ್ದು ‘ರಘು ದೀಕ್ಷಿತ್ ಪ್ರಾಜೆಕ್ಟ್’. ಯಾವ ಕಲಾವಿದನಾದರೂ ಬಂದು ಸೇರಿ ನುಡಿಸಿ ಹೋಗಬಹುದಾದ ತೆರೆದ ಮನೆಯಂಥ ತಂಡ.

ಮುಂಬಯಿಯಲ್ಲಿ ಅವರ ಹಾಡು ಕೇಳಿದ ಹಿಂದಿ ಚಿತ್ರಸಂಗೀತದ ವಿಶಾಲ್ ಮತ್ತು ಶೇಖರ್ ಜೋಡಿ ತಮ್ಮದೇ ಸಂಸ್ಥೆಯಿಂದ ಮೊದಲ ಆಲ್ಬಂ ತಂದರು. ಆಗ 2008. ರಘು ಅವರಿಗೆ ಮೂವತ್ಮೂರು ವರ್ಷ. ಜೊತೆಗೆ ಓದಿದವರು ಮನೆ ಕಟ್ಟಿ, ಮಕ್ಕಳನ್ನು ಶಾಲೆಗೆ ಸೇರಿಸುವ ವಯಸ್ಸು ಅದು. ಅದೇ ವರ್ಷ ‘ಸೈಕೋ’ ಚಿತ್ರಕ್ಕೆ ಕೊಟ್ಟ ಸಂಗೀತದಿಂದ ಕನ್ನಡದ ಮನೆಮನೆಗೂ ಅವರ ದನಿ ತಲುಪಿತು. 2010ರಲ್ಲಿ ‘ಜಸ್ಟ್ ಮಾತ್ ಮಾತಲ್ಲಿ’ ಬಂತು. ಗೆದ್ದವನ ಚಿತ್ರವನ್ನು ಗೋಡೆಗೆ ಅಂಟಿಸುವ ಹುಡುಗರು ಬೆಲ್ಜಿಯಂನಿಂದ ಹಿಂದಿರುಗಿದ ದಿನಕ್ಕೂ 2008ಕ್ಕೂ ನಡುವಿನ ವರ್ಷಗಳನ್ನೂ ಲೆಕ್ಕ ಹಾಕಬೇಕು.

ರಾಕ್ ಯಾವ ಭಾಷೆಯದು?

ರಾಕ್ ಸಂಗೀತ ಹುಟ್ಟಿದ್ದು ಅಮೆರಿಕದಲ್ಲಿ. ಅದನ್ನು ಇಂಗ್ಲಿಷ್ ಅಲ್ಲದ ಭಾಷೆಯಲ್ಲಿ ಹಾಡಲು ಬರುತ್ತದೆಯೇ? ಈ ಪ್ರಶ್ನೆ ನಮ್ಮ ನಾಡಿಗಿಂತ ಮೊದಲು ಜಪಾನಿನಲ್ಲಿ ಎದ್ದಿತು. 1970ರ ಸುಮಾರಿಗೆ ಅಲ್ಲಿಯ ಸಂಗೀತಗಾರರ ನಡುವೆ ಇದೇ ಒಂದು ದೊಡ್ಡ ವಾಗ್ವಾದವಾಯಿತು. ಜಗತ್ತಿಗೆ ತಲುಪಬೇಕಾದರೆ ಇಂಗ್ಲಿಷಿನಲ್ಲೇ ಹಾಡಬೇಕು, ಜಪಾನಿ ಮಾತು ರಾಕ್ ತಾಳಕ್ಕೆ ಕೂಡುವುದಿಲ್ಲ ಎಂದು ಒಂದು ಪಕ್ಷ. ನಮ್ಮ ಮಾತಿನಲ್ಲಿ ಹಾಡದಿದ್ದರೆ ಅದು ನಮ್ಮ ಹಾಡು ಹೇಗಾದೀತು ಎಂದು ಇನ್ನೊಂದು ಪಕ್ಷ. ‘ಹ್ಯಾಪಿ ಎಂಡ್’ ಎಂಬ ನಾಲ್ವರ ತಂಡ ವಾದಕ್ಕೆ ವಾದ ಬೆಳೆಸದೆ ಜಪಾನಿ ಭಾಷೆಯಲ್ಲಿ ಹಾಡಿಯೇ ತೋರಿಸಿತು. 1971ರಲ್ಲಿ ಹೊರಬಂದ ಅವರ ‘ಕಜೆಮಾಚಿ ರೋಮನ್’ ಆ ದೇಶದ ರಾಕ್ ಸಂಗೀತದ ಮೈಲಿಗಲ್ಲು.

ಮರುವರ್ಷವೇ ‘ಕ್ಯಾರಲ್’ ಎಂಬ ತಂಡದೊಡನೆ ಹೆಸರಾದವನು ಎಕಿಚಿ ಯಜವಾ. ಹುಟ್ಟಿದ್ದು 1949ರಲ್ಲಿ, ಹಿರೋಷಿಮಾದಲ್ಲಿ. ಅಣುಬಾಂಬಿನ ವಿಕಿರಣದ ಪರಿಣಾಮದಿಂದ ತಂದೆಯನ್ನು ಬಾಲ್ಯದಲ್ಲೇ ಕಳೆದುಕೊಂಡು, ಅಜ್ಜಿಯ ಆಸರೆಯಲ್ಲಿ ಬಡತನದಲ್ಲಿ ಬೆಳೆದ ಹುಡುಗ. ಶಾಲೆ ಮುಗಿಸಿ ರೈಲು ಹತ್ತಿ ಯೊಕೊಹಾಮಾಕ್ಕೆ ಬಂದು, ಹಾಡಿ ಮೇಲೆ ಬಂದ. ಜಪಾನಿನಲ್ಲಿ ರಾಕ್ ಗಾಯಕ ಎಂದರೆ ಮೊದಲು ನೆನಪಾಗುವ ಹೆಸರುಗಳಲ್ಲಿ ಒಂದಾದ. ನಡುವಯಸ್ಸಿನಲ್ಲಿ ನಂಬಿದವರೇ ಮೋಸ ಮಾಡಿ, ತಲೆಯ ಮೇಲೆ ಭಾರಿ ಸಾಲ ಬಂದಾಗ ಓಡಿಹೋಗದೆ ಊರೂರಲ್ಲಿ ಹಾಡಿ ಆ ಸಾಲವನ್ನು ತೀರಿಸಿದ. ಆಸೆ ಪಡುವ ಹುಡುಗರು ಆತನ ಬಿಳಿ ಸೂಟಿನಷ್ಟೇ ಈ ಸಾಲದ ಪುಟವನ್ನೂ ಓದಬೇಕು.

ಜಪಾನಿಗೂ ಕನ್ನಡಕ್ಕೂ ಒಂದು ಹೋಲಿಕೆಯುಂಟು. ಎರಡೂ ಭಾಷೆಗಳಲ್ಲಿ ಬಹುಪಾಲು ಪದಗಳು ಸ್ವರದಿಂದ ಮುಗಿಯುತ್ತವೆ. ಇಂಗ್ಲಿಷ್ ಪದಗಳು ವ್ಯಂಜನಕ್ಕೆ ಬಂದು ಟಪ್ಪೆಂದು ನಿಲ್ಲುತ್ತವೆ, ಡ್ರಮ್ಮಿನ ಏಟಿಗೆ ಅದು ಹೊಂದುತ್ತದೆ. ಕನ್ನಡ ಪದ ಎಳೆದಷ್ಟೂ ಎಳೆಯುತ್ತದೆ. ಹಾಗಾದರೆ ಕನ್ನಡಕ್ಕೆ ಆ ಏಟು ಎಲ್ಲಿಂದ ಬರಬೇಕು? ರಘು ಅದನ್ನು ಹೊರಗೆ ಹುಡುಕಲಿಲ್ಲ. ಹತ್ತೊಂಬತ್ತನೆಯ ಶತಮಾನದ ಒಬ್ಬ ಅಧ್ಯಾತ್ಮ ಕವಿಯ ಪದಗಳಲ್ಲಿ ಅದು ಸಿದ್ಧವಾಗಿಯೇ ಇತ್ತು.

ಶರೀಫರ ಪದ, ಇಬ್ಬರ ದನಿ

ಶಿಶುನಾಳ ಶರೀಫರು (1819–1889) ಈಗಿನ ಹಾವೇರಿ ಜಿಲ್ಲೆಯವರು. ಕೆಲಕಾಲ ಶಾಲಾ ಮಾಸ್ತರರೂ ಆಗಿದ್ದರು. ಮುಸ್ಲಿಂ ಮನೆಯ ಹುಡುಗನಿಗೆ ಗುರು ಗೋವಿಂದ ಭಟ್ಟರು, ಬ್ರಾಹ್ಮಣರು. ಸೋರುವ ಮಾಳಿಗೆ, ಸೇದುವ ಗುಡುಗುಡಿ, ಸಂತೆಯ ದಾರಿ, ಇಂಥ ದಿನನಿತ್ಯದ ಸಂಗತಿಗಳನ್ನೇ ಹಿಡಿದು ಅವರು ಜೀವದ ಗುಟ್ಟನ್ನು ಹಾಡಿದರು. ನಡಿಗೆಯ ಲಯ, ಪ್ರಾಸದ ಹೊಡೆತ, ಆಡುಮಾತಿನ ಬಿರುಸು ಆ ಪದಗಳಲ್ಲಿವೆ. ರಘು ಅವರ 2008ರ ಆಲ್ಬಮ್ಮಿನಲ್ಲಿ ಗುಡುಗುಡಿಯ ಪದ ಡ್ರಮ್ಮು ಗಿಟಾರುಗಳ ನಡುವೆ ಹೊಮ್ಮಿದಾಗ ಪದ ಎಲ್ಲೂ ತಡವರಿಸಲಿಲ್ಲ. 2013ರ ‘ಜಗ್ ಚಂಗಾ’ ಆಲ್ಬಮ್ಮಿನಲ್ಲಿ ಮತ್ತೆ ಶರೀಫರೇ ಬಂದರು.

ಬೀದರಿನವರಿಗೆ ಇದು ಹೊಸದಾಗಿ ತೋರಬೇಕಿಲ್ಲ. ಹೊರಗಿನಿಂದ ಬಂದ ವಿದ್ಯೆಯನ್ನು ಈ ಮಣ್ಣಿನದೇ ಮಾಡಿಕೊಂಡ ಉದಾಹರಣೆ ಊರೊಳಗೇ ಇದೆ: ಬಿದ್ರಿ ಕೆಲಸ. ಪರ್ಷಿಯಾದ ಕಡೆಯಿಂದ ಬಂದ ಕುಸುರಿ ಕಲೆ ಬಹಮನಿ ಕಾಲದಲ್ಲಿ ಇಲ್ಲಿ ನೆಲೆ ನಿಂತಿತು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂಡಿಸಿ, ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಹಚ್ಚಿದರೆ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತ ಉಳಿಯುತ್ತದೆ. ಕಲೆ ಎಲ್ಲಿಂದಲೇ ಬಂದಿರಲಿ, ಅದರ ಬಣ್ಣ ಬೀದರಿನ ಮಣ್ಣಿನದು. ಗಿಟಾರ್ ಆ ಲೋಹದಂತೆ, ಶರೀಫರ ಮಾತು ಆ ಬೆಳ್ಳಿಯಂತೆ.

ಶರೀಫರೂ ಇಲ್ಲಿಯವರಿಗೆ ಪರಕೀಯರಲ್ಲ. ಬೀದರಿನ ಪಕ್ಕದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹ ವಲಿಯ ಗುಮ್ಮಟವಿದೆ. ಅಲ್ಲಿಯ ಉರುಸಿಗೆ ಕಲಬುರ್ಗಿ ಭಾಗದಿಂದ ಜಂಗಮರು ಬರುತ್ತಾರೆ. ಅದೇ ಸುಲ್ತಾನನನ್ನು ಅಲ್ಲಮಪ್ರಭು ಎಂದು ನಂಬಿ ನಡೆದುಕೊಳ್ಳುವವರಿದ್ದಾರೆ. ಇನ್ನು ಭಾಷೆಯ ಮಾತಿಗೆ ಬಂದರೆ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರನ್ನು (1890–1999) ನೆನೆಯದಿರುವುದು ಹೇಗೆ? ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದವರು ಅವರು. ಮರಾಠಿ, ತೆಲುಗು, ಉರ್ದು, ಕನ್ನಡ ನಾಲ್ಕೂ ಒಂದೇ ಸಂತೆಯಲ್ಲಿ ಕೇಳಿಬರುವ ಔರಾದಿನಲ್ಲಿ ಹುಡುಗನೊಬ್ಬ ಕನ್ನಡದಲ್ಲಿ ಹಾಡುತ್ತೇನೆ ಎಂದರೆ, ಆ ಹಿರಿಯರ ಕೆಲಸವನ್ನೇ ಬೇರೆ ದಾರಿಯಲ್ಲಿ ಮುಂದುವರಿಸಿದಂತೆ.

ಇಪ್ಪತ್ತೇಳು ವರ್ಷದ ನೌಕರಿ

ಶರೀಫರನ್ನು ನಾಡಿನ ಮೂಲೆಮೂಲೆಗೆ ಮುಟ್ಟಿಸಿದ ದನಿ ರಘು ಅವರಿಗಿಂತ ಮೊದಲಿನದು. ಅದು ಸಿ. ಅಶ್ವತ್ಥ್ ಅವರದು. 1939ರ ಡಿಸೆಂಬರ್ 29ರಂದು ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಅವರು ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ವಿಜ್ಞಾನ ಪದವಿ ಪಡೆದರು. ದೇವಗಿರಿ ಶಂಕರ ಜೋಶಿಯವರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. ಹೊಟ್ಟೆಪಾಡಿಗೆ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ ಸೇರಿ, ಒಂದೆರಡಲ್ಲ, ಇಪ್ಪತ್ತೇಳು ವರ್ಷ ದುಡಿದು 1992ರಲ್ಲಿ ಅಧಿಕಾರಿಯಾಗಿ ನಿವೃತ್ತರಾದರು.

ಆ ಇಪ್ಪತ್ತೇಳು ವರ್ಷಗಳಲ್ಲಿ ಅವರು ಹಾಡುವುದನ್ನು ನಿಲ್ಲಿಸಿರಲಿಲ್ಲ. ನಾಟಕಕ್ಕೆ, ಸಿನಿಮಾಕ್ಕೆ ರಾಗ ಹಾಕಿದ್ದು, ಎಲ್. ವೈದ್ಯನಾಥನ್ ಜೊತೆಗೂಡಿ ‘ಅಶ್ವತ್ಥ್–ವೈದಿ’ ಜೋಡಿಯಾಗಿ ಹೆಸರಾದದ್ದು, ಕವಿತೆಗಳನ್ನು ಧ್ವನಿಸುರುಳಿಗಳಲ್ಲಿ ಮನೆಮನೆಗೆ ಮುಟ್ಟಿಸಿದ್ದು, 1990ರಲ್ಲಿ ಬಂದ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರಕ್ಕೆ ಸಂಗೀತ ಕೊಟ್ಟದ್ದು ಎಲ್ಲವೂ ನೌಕರಿಯ ನಡುವೆಯೇ. 2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆದಾಗ ಜನಸಾಗರವೇ ಸೇರಿತ್ತು. ವಿದೇಶದಲ್ಲಿ ರಾಕ್ ತಂಡಗಳಿಗೆ ಸೇರುವಂಥ ಜನ ಇಲ್ಲಿ ಸೇರಿದ್ದು ಕನ್ನಡದ ಕವಿತೆ ಕೇಳಲು. ಅಂದು ಅವರಿಗೆ ಅರವತ್ತೈದು ವರ್ಷ. 2009ರಲ್ಲಿ, ಹುಟ್ಟಿದ ದಿನವಾದ ಡಿಸೆಂಬರ್ 29ರಂದೇ, ತೀರಿಕೊಂಡರು.

ಒಬ್ಬರು ನೌಕರಿ ಬಿಟ್ಟು ಹಾಡಿದರು, ಇನ್ನೊಬ್ಬರು ನೌಕರಿ ಮಾಡುತ್ತಲೇ ಹಾಡಿದರು. ಯಾರು ಸರಿ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಇಬ್ಬರಿಗೂ ಅವರವರ ದಾರಿ ಸರಿಹೋಯಿತು. ‘ಓದೋ ಹಾಡೋ, ಒಂದನ್ನು ಆರಿಸು’ ಎಂದು ಹದಿನಾರು ವರ್ಷದ ಹುಡುಗನನ್ನು ಗೋಡೆಗೆ ಒತ್ತಿ ನಿಲ್ಲಿಸುವುದೇ ತಪ್ಪು. ಆ ಆಯ್ಕೆಯ ಕಾಲ ಬೇಕಾದರೆ ಮುಂದೆ ಬರುತ್ತದೆ, ಬರದೆಯೂ ಇರಬಹುದು. ಆವರೆಗೆ ಎರಡೂ ಒಂದೇ ಮನೆಯಲ್ಲಿ ಇರಬಲ್ಲವು.

ವೇದಿಕೆ ಎತ್ತರವಾದಷ್ಟೂ

2010ರಲ್ಲಿ ರಘು ಬ್ರಿಟನ್ನಿನ ಬಿಬಿಸಿ ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡ್ ನಡೆಸಿಕೊಡುವ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ಹಾಡಿದರು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆ ವಿಶ್ವಸಂಗೀತಕ್ಕೆ ಕೊಡುವ ಪ್ರಶಸ್ತಿಗಳಲ್ಲಿ ಹೊಸಬರ ಪ್ರಶಸ್ತಿ ಅವರದಾಯಿತು. ಅದೇ ವರ್ಷ ಗ್ಲಾಸ್ಟನ್‌ಬರಿಯ ಸಂಗೀತೋತ್ಸವದಲ್ಲೂ ಹಾಡಿದರು. ಪದದ ಅರ್ಥ ತಿಳಿಯದ ಜನ ಲುಂಗಿ ಉಟ್ಟ ಕನ್ನಡಿಗನ ಹಾಡಿಗೆ ಹೆಜ್ಜೆ ಹಾಕಿದರು. ಕನ್ನಡದಲ್ಲಿ ರಾಕ್ ಆದೀತೇ ಎಂಬ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು.

ಕಥೆಯ ಇನ್ನೊಂದು ಪುಟವನ್ನು ಮಕ್ಕಳಿಂದ ಮುಚ್ಚಿಡುವುದು ಸರಿಯಲ್ಲ. 2018ರ ಅಕ್ಟೋಬರ್‌ನಲ್ಲಿ ದೇಶದ ಎಲ್ಲೆಡೆ ಹೆಣ್ಣುಮಕ್ಕಳು ತಮ್ಮ ಕೆಲಸದ ಜಾಗಗಳಲ್ಲಿ ಅನುಭವಿಸಿದ್ದನ್ನು ಬಹಿರಂಗವಾಗಿ ಹೇಳತೊಡಗಿದಾಗ, ರಘು ಅವರ ನಡವಳಿಕೆಯ ಬಗ್ಗೆಯೂ ದೂರು ಹೊರಬಂತು. ಅವರು ಸಾರ್ವಜನಿಕವಾಗಿ ಕ್ಷಮೆ ಕೇಳಿದರು. ಹಾಡನ್ನು ಮೆಚ್ಚಿದವರಿಗೆ ನೋವಾದದ್ದು ಸಹಜ. ಪ್ರತಿಭೆ ನಡತೆಗೆ ರಿಯಾಯಿತಿ ಕೊಡಿಸುವುದಿಲ್ಲ. ವೇದಿಕೆ ಎತ್ತರವಾದಷ್ಟೂ ಕಾಲು ಎಲ್ಲಿಡುತ್ತೇವೆ ಎಂಬ ಎಚ್ಚರ ಹೆಚ್ಚಬೇಕು. ಒಬ್ಬ ಕಲಾವಿದನಿಂದ ಕಲಿಯುವುದೆಂದರೆ ಅವನ ಶ್ರಮವನ್ನು ಕಲಿಯುವುದೇ ಹೊರತು ಅವನನ್ನು ಪೂಜಿಸುವುದಲ್ಲ ಎಂಬುದನ್ನು ಹದಿಹರೆಯದಲ್ಲೇ ತಿಳಿಯುವುದು ಒಳ್ಳೆಯದು.

ತಂದೆತಾಯಿಗೆ, ಮಕ್ಕಳಿಗೆ

ಹಾಗಾದರೆ ಬಸ್ಸಿಳಿದು ಬಂದ ಆ ತಂದೆಗೆ ಏನು ಹೇಳಬೇಕು? ಮೊದಲನೆಯದಾಗಿ, ಹಾಡು ಓದಿನ ಶತ್ರುವಲ್ಲ. ಎಂಎಸ್ಸಿಯ ಚಿನ್ನದ ಪದಕವೂ ನಾಟ್ಯದ ವಿದ್ವತ್ತೂ ಒಂದೇ ಹುಡುಗನಿಗೆ ಬಂದವು. ಓದನ್ನು ಕೆಡಿಸುವುದು ದಿನಕ್ಕೆ ಒಂದು ಗಂಟೆಯ ಅಭ್ಯಾಸವಲ್ಲ; ಗುರಿಯಿಲ್ಲದೆ ಮೊಬೈಲಿನ ಮೇಲೆ ಬೆರಳಾಡಿಸುವ ಮೂರು ಗಂಟೆ. ಆ ಮೂರರಲ್ಲಿ ಒಂದನ್ನು ಹಾಡಿಗೆ ಕೊಟ್ಟರೂ ಓದಿಗೆ ಎರಡು ಉಳಿಯುತ್ತದೆ.

ಎರಡನೆಯದಾಗಿ, ದುಬಾರಿ ಗಿಟಾರಿಗೆ ಸಾಲ ಮಾಡುವುದು ಬೇಡ. ಸೆಕೆಂಡ್ ಹ್ಯಾಂಡ್ ಒಂದು ಸಾಕು. ಅದೂ ಆಗದಿದ್ದರೆ ಊರ ಭಜನೆಯ ಹಾರ್ಮೋನಿಯಂ ಇದೆ, ತಬಲಾ ಇದೆ, ಏಕತಾರಿ ಇದೆ. ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಯಲ್ಲಿ, ಔರಾದಿನ ಅಮರೇಶ್ವರನ ಜಾತ್ರೆಯಲ್ಲಿ ಕೇಳಿಬರುವ ಪದಗಳನ್ನು ಒಬ್ಬ ಹುಡುಗ ಕಿವಿಗೊಟ್ಟು ಕಲಿತು ಬರೆದಿಟ್ಟುಕೊಂಡರೆ, ಅಂಥ ಪಾಠ ಯಾವ ಪೇಟೆಯ ಸಂಗೀತ ಶಾಲೆಯಲ್ಲೂ ಸಿಗದು. ಶರೀಫರ ಪದಗಳು ಉಳಿದು ಬಂದದ್ದೂ ಹಾಗೆ, ಹಾಡುವವರ ಬಾಯಿಂದ ಬಾಯಿಗೆ.

ಮೂರನೆಯದಾಗಿ, ಟಿ.ವಿ.ಯ ಹಾಡಿನ ಸ್ಪರ್ಧೆಯಲ್ಲಿ ಆಯ್ಕೆಯಾಗಲಿಲ್ಲವೆಂದು ಮಗುವಿನ ಕೊರಳು ಕೆಟ್ಟದ್ದೆಂದು ತೀರ್ಮಾನಿಸುವುದು ಬೇಡ. ಆಯ್ಕೆಯಾದ ಮಾತ್ರಕ್ಕೆ ಶಾಲೆ ಬಿಡಿಸುವುದಂತೂ ಬೇಡವೇ ಬೇಡ. ಕಂಪೆನಿಗಳು ಬೇಡವೆಂದ ಹಾಡನ್ನೇ ಮುಂದೆ ಲಂಡನ್ನಿನವರೂ ಕೇಳಿದರು. ಆ ನಡುವಿನ ಕಾಲವನ್ನು ತಾಳಿಕೊಳ್ಳಲು ಕೈಯಲ್ಲೊಂದು ಪದವಿ, ಬೆನ್ನಿಗೊಂದು ಮನೆ ಬೇಕು.

ಮಕ್ಕಳಿಗೆ ಹೇಳುವುದೂ ಇದೆ. ಹಾಡುತ್ತೇನೆ ಎನ್ನುವವರು ಬೆಳಿಗ್ಗೆ ಐದಕ್ಕೆ ಎದ್ದು ಸಾಧನೆ ಮಾಡಲು ಸಿದ್ಧರಿರಬೇಕು. ಭೌತಶಾಸ್ತ್ರದ ಪಾಠ ಕಷ್ಟವೆಂದು ಹಾಡಿನ ಕಡೆ ಓಡುವವರಿಗೆ ಹಾಡೂ ಒಲಿಯುವುದಿಲ್ಲ. ತಂತಿಯೊಳಗೂ ಅದೇ ಪಾಠ ಕಾದಿರುತ್ತದೆ. ವರ್ಷವಿಡೀ ಓದಿನ ಜೊತೆಗೆ ದಿನವೂ ತಪ್ಪದೆ ಹಾಡಿ ತೋರಿಸಿದರೆ ತಂದೆಯೊಡನೆ ವಾದ ಮಾಡುವ ಅಗತ್ಯವೇ ಬೀಳುವುದಿಲ್ಲ. ಒಲ್ಲೆನೆನ್ನುವ ಅಪ್ಪನೇ ಮುಂದಿನ ವರ್ಷ ಜಾತ್ರೆಯ ವೇದಿಕೆಯ ಪಕ್ಕ ನಿಂತು, “ನಮ್ಮ ಹುಡುಗ ಹಾಡ್ಲಾಕತ್ಯಾನ, ಸ್ವಲ್ಪ ಸುಮ್ಮ ಕೂಡ್ರಿ” ಎಂದು ಅಕ್ಕಪಕ್ಕದವರಿಗೆ ಹೇಳಿಯಾನು.

ಬೀದರಿನ ಕಾಲೇಜುಗಳಿಂದ ಡಾಕ್ಟರುಗಳು ಬರಲಿ. ಗಡಿ ತಾಲ್ಲೂಕಿನ ಹಳ್ಳಿಗಳಿಗೆ ಅವರು ಬೇಕೇ ಬೇಕು. ಅವರಲ್ಲಿ ಒಬ್ಬಿಬ್ಬರು ಸಂಜೆ ದವಾಖಾನೆಯ ಬಾಗಿಲು ಹಾಕಿಕೊಂಡು ಬಂದು ಹಾರ್ಮೋನಿಯಂ ಮುಂದೆ ಕೂತರೆ ರೋಗಿಗಳಿಗೆ ನಷ್ಟವಿಲ್ಲ. ಇನ್ನೊಬ್ಬನಾರೋ ಎಲ್ಲ ಬಿಟ್ಟು ಹಾಡಿನ ಹಿಂದೆಯೇ ಹೋದರೆ, ಅವನು ಲೆಕ್ಕ ಹಾಕಿಯೇ ಹೋಗಿರಲಿ; ಹೋದಲ್ಲಿ ಈ ಮಣ್ಣಿನ ಮಾತಿನಲ್ಲಿ ಹಾಡಲಿ.